ಬೆನ್ನಿಗೆ ಸೂಜಿಯೋ, ಪೂರ್ಣ ನಿದ್ರೆಯೋ? ತಿಳಿದು ಒಪ್ಪೋಣ

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂತಹ ವಿಷಯ ಬರೆಯುವುದುಂಟೇ ಎಂದು ಕೆಲವರಾದರೂ ಮೂಗು ಮುರಿಯಬಹುದು. ಆದರೂ ಬರೆಯುತ್ತಿದ್ದೇವೆ. ಹೃದಯದ ಶಸ್ತ್ರಚಿಕಿತ್ಸೆ, ಮೂತ್ರಪಿಂಡದ ಕಲ್ಲು, ಮೊಣಕಾಲಿನ ಬದಲಾವಣೆ ಇವನ್ನೆಲ್ಲ ಚಾವಡಿಯಲ್ಲಿ ಕುಳಿತು ಗಂಟೆಗಟ್ಟಲೆ ಚರ್ಚಿಸುವ ನಾವು, ಗಂಡಸಿನ ಜನನೇಂದ್ರಿಯದ ಚಿಕಿತ್ಸೆ ಎಂದೊಡನೆ ಬಾಯಿ ಮುಚ್ಚುತ್ತೇವೆ. ಈ ಮೌನದ ಬೆಲೆ ತೆರುವವನು ರೋಗಿ. ಅದರಲ್ಲೂ ಗಡಿನಾಡಿನ ಕನ್ನಡದ ರೋಗಿ ಈ ಬೆಲೆಯನ್ನು ಎರಡು ಸಲ ತೆರುತ್ತಾನೆ: ಒಮ್ಮೆ ನಾಚಿಕೆಗಾಗಿ, ಇನ್ನೊಮ್ಮೆ ಭಾಷೆಗಾಗಿ.

ಹಲವು ವರ್ಷಗಳ ಸಿಹಿಮೂತ್ರ ರೋಗದಿಂದ, ರಕ್ತನಾಳಗಳ ದೋಷದಿಂದ ಅಥವಾ ಪ್ರೋಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ನಡೆದ ಶಸ್ತ್ರಚಿಕಿತ್ಸೆಯಿಂದ ಗಂಡಸಿನ ನಿಮಿರುವ ಶಕ್ತಿ ಕುಂದುವುದುಂಟು. ಅದು ರೋಗ, ಯಾರ ಪಾಪದ ಫಲವೂ ಅಲ್ಲ, ನಡತೆಯ ದೋಷವೂ ಅಲ್ಲ. 1998ರಲ್ಲಿ ಬಳಕೆಗೆ ಬಂದ ಸಿಲ್ಡೆನಾಫಿಲ್ ಮಾತ್ರೆ ಹಲವರಿಗೆ ನೆರವಾಯಿತು. ಮಾತ್ರೆ, ಇಂಜೆಕ್ಷನ್, ನಿರ್ವಾತ ಪಂಪು ಯಾವುದೂ ಫಲಿಸದವರಿಗೆ ಉಳಿಯುವ ದಾರಿ ಶಿಶ್ನದೊಳಗೆ ಇಂಪ್ಲಾಂಟ್ ಇರಿಸುವ ಶಸ್ತ್ರಚಿಕಿತ್ಸೆ. ಬಾಗಿಸಬಹುದಾದ ಎರಡು ಕೋಲುಗಳನ್ನು ಇರಿಸುವುದು ಒಂದು ಬಗೆ. ಇನ್ನೊಂದು ಬಗೆಯನ್ನು ಅಮೆರಿಕದ ಡಾ. ಬ್ರಾಂಟ್ಲಿ ಸ್ಕಾಟ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದರು. ಅದರಲ್ಲಿ ಎರಡು ಕೊಳವೆಗಳು ಶಿಶ್ನದಲ್ಲಿ, ಒಂದು ಸಣ್ಣ ಪಂಪು ವೃಷಣದ ಚೀಲದಲ್ಲಿ, ದ್ರವದ ಚೀಲವೊಂದು ಕೆಳಹೊಟ್ಟೆಯಲ್ಲಿ ಇರುತ್ತವೆ. ಒಮ್ಮೆ ಇದನ್ನು ಅಳವಡಿಸಿದ ಮೇಲೆ ಸಹಜ ಸ್ಥಿತಿಗೆ ಹಿಂತಿರುಗುವ ಮಾತಿಲ್ಲ. ಆದುದರಿಂದ ಇಲ್ಲಿ ಪ್ರತಿಯೊಂದು ನಿರ್ಧಾರವನ್ನೂ ತಿಳಿದೇ ಮಾಡಬೇಕು. ಅಂತಹ ನಿರ್ಧಾರಗಳಲ್ಲಿ ಒಂದು, ಅರಿವಳಿಕೆ ಯಾವುದು ಎಂಬುದು.

ಅರಿವಳಿಕೆಯಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ರೋಗಿಯ ಪ್ರಜ್ಞೆಯನ್ನೇ ತಪ್ಪಿಸಿ, ಗಂಟಲಿನ ಮೂಲಕ ಕೊಳವೆಯಿರಿಸಿ ಉಸಿರಾಟವನ್ನು ನೋಡಿಕೊಳ್ಳುವುದು ಪೂರ್ಣ ಅರಿವಳಿಕೆ. 1846ರ ಅಕ್ಟೋಬರಿನಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಮಾರ್ಟನ್ ಎಂಬ ದಂತವೈದ್ಯರು ಈಥರಿನಿಂದ ಅದನ್ನು ಜಗತ್ತಿಗೆ ತೋರಿಸಿಕೊಟ್ಟರು. ಎರಡನೆಯದು, ಸೊಂಟದ ಬಳಿ ಬೆನ್ನೆಲುಬಿನ ಸಂದಿಯಲ್ಲಿ ಸಪೂರ ಸೂಜಿ ತೂರಿಸಿ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಔಷಧ ಸೇರಿಸುವುದು. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಇದನ್ನು ಮೊದಲು ಮಾಡಿದರು. ಸೂಜಿ ಚುಚ್ಚುವುದು ಬೆನ್ನುಹುರಿ ಮುಗಿದ ಜಾಗಕ್ಕಿಂತ ಕೆಳಗೆ. ರೋಗಿಗೆ ಎಚ್ಚರವಿರುತ್ತದೆ, ಹೊಟ್ಟೆಯ ಕೆಳಗಿನ ಭಾಗ ಎರಡು ಮೂರು ಗಂಟೆ ಜೋಮು ಹಿಡಿದಂತಿರುತ್ತದೆ. ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯುವ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೆ ಎರಡೂ ದಾರಿಗಳು ಬಳಕೆಯಲ್ಲಿವೆ. ಆ ಜಾಗವನ್ನಷ್ಟೇ ಮರಗಟ್ಟಿಸಿ, ಸ್ವಲ್ಪ ಮಂಪರು ಕೊಟ್ಟು ಮಾಡುವುದೂ ಉಂಟು. ಆದರೆ ಕೆಳಹೊಟ್ಟೆಯಲ್ಲಿ ಚೀಲ ಇರಿಸಬೇಕಾದಾಗ ಅದೊಂದೇ ಸಾಲದೆ ಹೋಗಬಹುದು.

ಯಾವುದು ಮೇಲು? ಎಲ್ಲರಿಗೂ ಮೇಲಾದುದು ಯಾವುದೂ ಇಲ್ಲ. ಬೇರೆ ಶಸ್ತ್ರಚಿಕಿತ್ಸೆಯದೊಂದು ಉದಾಹರಣೆ ಕೊಡಬಹುದು. ಸೊಂಟದ ಮೂಳೆ ಮುರಿದ ಸುಮಾರು 1600 ಮಂದಿಯನ್ನು ಅಮೆರಿಕ ಮತ್ತು ಕೆನಡಾಗಳಲ್ಲಿ ಎರಡು ಗುಂಪು ಮಾಡಿ ಪರೀಕ್ಷಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಎರಡು ತಿಂಗಳೊಳಗೆ ತೀರಿಕೊಂಡವರು ಅಥವಾ ತಾವಾಗಿ ನಡೆಯಲಾರದೆ ಉಳಿದವರು ಬೆನ್ನಿನ ಸೂಜಿಯವರಲ್ಲಿ ನೂರಕ್ಕೆ 18.5, ಪೂರ್ಣ ಅರಿವಳಿಕೆಯವರಲ್ಲಿ 18. ವೃದ್ಧರಿಗೆ ಬೆನ್ನಿನ ಸೂಜಿಯೇ ಕ್ಷೇಮ ಎಂದು ಬಹುಕಾಲ ನಂಬಿದ್ದವರಿಗೂ ಇದು ವಿಚಾರ ಮಾಡಬೇಕಾದ ಸಂಗತಿಯಾಯಿತು. ಅಂದಮೇಲೆ ನಿರ್ಧಾರವಾಗಬೇಕಾದುದು ಹೆಸರಿನ ಮೇಲಲ್ಲ, ಮಲಗುವ ರೋಗಿಯ ಶರೀರಸ್ಥಿತಿಯ ಮೇಲೆ.

ದೀರ್ಘಕಾಲದ ಕೆಮ್ಮು ದಮ್ಮು ಇದ್ದವರಿಗೆ, ನಿದ್ದೆಯಲ್ಲಿ ಉಸಿರುಗಟ್ಟುವವರಿಗೆ ಬೆನ್ನಿನ ಸೂಜಿ ಅನುಕೂಲವಾಗಬಹುದು. ಗಂಟಲಿಗೆ ಕೊಳವೆ ಇಲ್ಲ, ವಾಂತಿ ವಾಕರಿಕೆ ಕಡಿಮೆ, ಶಸ್ತ್ರಚಿಕಿತ್ಸೆ ಮುಗಿದ ಮೊದಲ ಗಂಟೆಗಳಲ್ಲಿ ನೋವೂ ಕಡಿಮೆ. ಆದರೆ ರಕ್ತದೊತ್ತಡ ಇಳಿಯಬಹುದು; ಕೆಲವರಿಗೆ ಮೂತ್ರ ಕಟ್ಟಬಹುದು; ಕೆಲವರಿಗೆ ಎದ್ದು ಕುಳಿತಾಗ ತಲೆನೋವು ಬರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ಸೂಜಿ ಚುಚ್ಚುವ ಜಾಗದಲ್ಲಿ ಹುಣ್ಣಿರುವವರಿಗೆ, ಹೃದಯದ ಕವಾಟ ತೀರ ಕಿರಿದಾದವರಿಗೆ ಅದು ತಕ್ಕುದಲ್ಲ ಎನಿಸಬಹುದು. ಬೆನ್ನೆಲುಬಿನ ಶಸ್ತ್ರಚಿಕಿತ್ಸೆ ಆದವರಲ್ಲಿ ಸೂಜಿ ಕೂರಿಸುವುದೇ ಕಷ್ಟ. ಅಂತಹವರಿಗೆ ಪೂರ್ಣ ಅರಿವಳಿಕೆಯೇ ದಾರಿ. ಅದರಲ್ಲಿ ಗಂಟಲು ಕೆರೆತ, ವಾಂತಿ, ಅಲುಗಾಡುವ ಹಲ್ಲಿಗೆ ಪೆಟ್ಟು, ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ನುಗ್ಗುವ ಭಯ ಇವೆ.

ಈ ಚಿಕಿತ್ಸೆಗೆ ಬರುವವರಲ್ಲಿ ಸಿಹಿಮೂತ್ರದವರು ಹಲವರಾದುದರಿಂದ ಅವರಿಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು. ಹಳೆಯ ಸಿಹಿಮೂತ್ರದಲ್ಲಿ ಹೊಟ್ಟೆ ನಿಧಾನವಾಗಿ ಬರಿದಾಗುತ್ತದೆ. ತೂಕ ಇಳಿಸಲು ಈಗ ಬಂದಿರುವ ಕೆಲವು ಇಂಜೆಕ್ಷನ್‌ಗಳೂ ಹಾಗೆಯೇ ಮಾಡುತ್ತವೆ. ಪೂರ್ಣ ಅರಿವಳಿಕೆ ಕೊಡುವ ವೈದ್ಯರು ಅದನ್ನು ತಿಳಿದಿರಲೇಬೇಕು. ಅಂಗಾಲು ಮೊದಲೇ ಮರಗಟ್ಟಿದ್ದರೆ ಬೆನ್ನಿನ ಸೂಜಿಗೆ ಮುನ್ನ ಅದನ್ನು ಹೇಳಿ ಬರೆಯಿಸಿಡಬೇಕು. ಇಲ್ಲವಾದರೆ ಹಳೆಯ ಜೋಮಿನ ದೂರು ನಾಳೆ ಸೂಜಿಯ ಮೇಲೆ ಬೀಳುತ್ತದೆ. ಡಾಪಾಗ್ಲಿಫ್ಲೋಜಿನ್‌ನಂತಹ ಮಾತ್ರೆಗಳನ್ನು ಮೂರು ದಿನ ಮೊದಲೇ ನಿಲ್ಲಿಸಲು ವೈದ್ಯರು ಹೇಳುವುದುಂಟು. ಆದರೆ ಯಾವ ಮಾತ್ರೆಯನ್ನೂ, ವಿಶೇಷವಾಗಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ಮಾತ್ರೆಯನ್ನು, ತಾವಾಗಿ ನಿಲ್ಲಿಸಬಾರದು.

ಊರಿನಲ್ಲಿ ಹರಡಿರುವ ಹೆದರಿಕೆಗಳ ಬಗ್ಗೆಯೂ ಒಂದು ಮಾತು. ಬೆನ್ನಿಗೆ ಸೂಜಿ ಕೊಟ್ಟರೆ ಕಾಲೇ ಹೋಗುತ್ತದೆ ಎನ್ನುವವರಿದ್ದಾರೆ. ಬೆನ್ನಿನ ಮೂಲಕ ಕೊಡುವ ಬಗೆಬಗೆಯ ಅರಿವಳಿಕೆಗಳನ್ನೆಲ್ಲ ಒಟ್ಟು ಸೇರಿಸಿ, ಏಳು ಲಕ್ಷಕ್ಕೂ ಹೆಚ್ಚು ಪ್ರಕರಣಗಳ ಲೆಕ್ಕ ನೋಡಿದ ಬ್ರಿಟನ್ನಿನ 2009ರ ವರದಿಯಲ್ಲಿ ಶಾಶ್ವತ ತೊಂದರೆ ಕಂಡುದು ಲಕ್ಷಕ್ಕೆ ಎರಡರಿಂದ ನಾಲ್ಕು ಮಂದಿಯಲ್ಲಿ. ಪೂರ್ಣ ಅರಿವಳಿಕೆಯಲ್ಲಿ ನಡುವೆ ಎಚ್ಚರವಾದರೆ ಗತಿಯೇನು ಎನ್ನುವವರಿದ್ದಾರೆ. ಅಲ್ಲಿಯದೇ 2014ರ ವರದಿಯಂತೆ ಹಾಗೆ ಹೇಳಿಕೊಂಡವರು ಸುಮಾರು 19,000ಕ್ಕೆ ಒಬ್ಬರು. ಬೆನ್ನಿನ ಸೂಜಿಯಿಂದ ಗಂಡಸುತನ ಹೋಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಔಷಧದ ಬಲ ಇಳಿದಂತೆ ಸ್ಪರ್ಶಜ್ಞಾನ ಮರಳುತ್ತದೆ. ಈ ಚಿಕಿತ್ಸೆಯಲ್ಲಿ ನಿಜವಾಗಿ ಹೆದರಬೇಕಾದುದು ಇಂಪ್ಲಾಂಟಿಗೆ ನಂಜು ಹಿಡಿಯುವುದಕ್ಕೆ. ಸಕ್ಕರೆಯನ್ನು ಹತೋಟಿಗೆ ತರುವುದು, ಮೂತ್ರದ ಸೋಂಕು ಇದ್ದರೆ ಮೊದಲೇ ಗುಣಪಡಿಸಿಕೊಳ್ಳುವುದು, ಅರಿವಳಿಕೆಯ ಆಯ್ಕೆಯಷ್ಟೇ ಮುಖ್ಯವಾದ ಕೆಲಸಗಳು.

ಈಗ ಭಾಷೆಯ ಮಾತಿಗೆ ಬರೋಣ. ಬೆನ್ನಿನ ಸೂಜಿ ಎಚ್ಚರವಿದ್ದವನಿಗೆ ಕೊಡುವ ಚಿಕಿತ್ಸೆ. ಸೂಜಿ ಚುಚ್ಚುವಾಗ ಕಾಲಿಗೆ ಮಿಂಚು ಹೊಡೆದಂತಾಯಿತೇ, ಸ್ಪಿರಿಟ್ ಹಚ್ಚಿದರೆ ತಣ್ಣಗೆ ಅನಿಸುತ್ತದೆಯೇ, ಉಸಿರಾಟಕ್ಕೆ ಕಷ್ಟವೇ, ತಲೆ ತಿರುಗುತ್ತದೆಯೇ ಎಂದು ವೈದ್ಯರು ಕೇಳುತ್ತಾರೆ, ರೋಗಿ ಉತ್ತರಿಸಬೇಕು. ಆ ಉತ್ತರವೇ ಒಂದು ಪರೀಕ್ಷೆ. ಪೂರ್ಣ ಅರಿವಳಿಕೆಗಾದರೂ ಮೊದಲು ಪ್ರಶ್ನೆಗಳಿವೆ: ಕೊನೆಗೆ ಉಂಡದ್ದು ಯಾವಾಗ, ಅಲುಗಾಡುವ ಹಲ್ಲಿದೆಯೇ, ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯಲ್ಲಿ ತೊಂದರೆಯಾಗಿತ್ತೇ. ಇವುಗಳಿಗೆ ಅಂದಾಜಿನಿಂದ ತಲೆಯಾಡಿಸಿದರೆ ಅಪಾಯ.

ನಮ್ಮವರಿಗೆ ಮಲಯಾಳ ಬಾರದೆಂದಲ್ಲ. ಮನೆಯಲ್ಲಿ ತುಳು, ಕೊಂಕಣಿ, ಹವ್ಯಕ, ಮರಾಟಿ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಪೇಟೆಯಲ್ಲಿ ಮಲಯಾಳದಿಂದ ವ್ಯವಹರಿಸುವವರು ನಾವು. ಆದರೆ ಪೇಟೆಯ ಮಲಯಾಳ ಬೇರೆ, ಶಸ್ತ್ರಚಿಕಿತ್ಸಾ ಕೊಠಡಿಯ ಮಲಯಾಳ ಬೇರೆ. ಅವರ ‘ಮರವಿಪ್ಪ್’ ಜೋಮು ಹಿಡಿಯುವುದು. ನಮ್ಮ ಕಿವಿಗೆ ಅದು ಮರೆವು ಎಂದು ಕೇಳಿದರೆ ಆಶ್ಚರ್ಯವಿಲ್ಲ. ಅವರ ‘ಬೋಧಂ’ ಪ್ರಜ್ಞೆ. ನಮ್ಮಲ್ಲಿ ಬೋಧನೆ ಎಂದರೆ ಮೇಷ್ಟರ ಪಾಠ. ಅರ್ಧ ತಿಳಿದ ಭಾಷೆ ಏನೂ ತಿಳಿಯದ ಭಾಷೆಗಿಂತ ಹೆಚ್ಚು ಮೋಸ ಮಾಡುವುದು ಇಂತಲ್ಲೇ. ಇದಕ್ಕೆ ಜನನೇಂದ್ರಿಯದ ವಿಷಯದ ಸಂಕೋಚ ಸೇರಿದರೆ, ರೋಗಿ ಕೇಳಬೇಕಾದುದನ್ನು ಕೇಳದೆ, ಹೇಳಬೇಕಾದುದನ್ನು ಹೇಳದೆ, ತೋರಿಸಿದ ಜಾಗದಲ್ಲಿ ರುಜು ಹಾಕುತ್ತಾನೆ. ಭಾಷಾಂತರಕ್ಕೆಂದು ಸ್ವಂತ ಮಗಳನ್ನೋ ಸೊಸೆಯನ್ನೋ ಕರೆದು ನಿಲ್ಲಿಸಿದರಂತೂ ಅವನ ಬಾಯಿ ಪೂರ್ತಿ ಕಟ್ಟಿಹೋಗುತ್ತದೆ.

ಆ ರುಜು ಬರಿಯ ಕಾಗದದ ಕೆಲಸವಲ್ಲ. ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2008ರ ಜನವರಿಯಲ್ಲಿ ಕೊಟ್ಟ ತೀರ್ಪಿನ ತಿರುಳೇನೆಂದರೆ, ಚಿಕಿತ್ಸೆಯ ಸ್ವರೂಪ, ಬೇರೆ ದಾರಿಗಳು, ಅಪಾಯಗಳು ಇವನ್ನು ತಿಳಿಸಿದ ಮೇಲೆ ಕೊಟ್ಟ ಸಮ್ಮತಿಯೇ ಸಮ್ಮತಿ. ಒಂದಕ್ಕೆ ಕೊಟ್ಟ ಸಮ್ಮತಿ ಇನ್ನೊಂದಕ್ಕೆ ಸಲ್ಲದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲೂ ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂಬ ಮಾತಿದೆ. ಕೇರಳದಲ್ಲಿ 1969ರಲ್ಲಿ ರಾಜ್ಯಭಾಷಾ ಶಾಸನ ಮಾಡಿದಾಗಲೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಲು ಅವಕಾಶ ಇರಿಸಲಾಗಿತ್ತು. ಅರ್ಜಿಗೇ ಅಷ್ಟು ಬೆಲೆ ಕೊಟ್ಟವರು, ಶರೀರವನ್ನೇ ಒಪ್ಪಿಸುವ ಕಾಗದಕ್ಕೆ ಅದಕ್ಕಿಂತ ಕಡಿಮೆ ಬೆಲೆ ಕೊಡುವುದು ನ್ಯಾಯವೇ?

ನಾವು ಕೇಳುವುದು ಅಸಾಧ್ಯವಾದುದನ್ನಲ್ಲ. ಜಿಲ್ಲೆಯ ಕನ್ನಡಿಗರು ಹೋಗುವ ಆಸ್ಪತ್ರೆಗಳಲ್ಲಿ, ಅವು ಸರಕಾರದವಿರಲಿ ಖಾಸಗಿಯವಿರಲಿ, ಅರಿವಳಿಕೆಯ ಸಮ್ಮತಿಪತ್ರ ಕನ್ನಡದಲ್ಲೂ ಅಚ್ಚಾಗಿರಲಿ. ಒಂದೆರಡು ಪುಟಗಳ ಕೆಲಸವದು. ಶಸ್ತ್ರಚಿಕಿತ್ಸೆಗೆ ಮೊದಲೇ, ಸಾಧ್ಯವಾದರೆ ಹಿಂದಿನ ದಿನವೇ, ಅರಿವಳಿಕೆಯ ವೈದ್ಯರು ರೋಗಿಯೊಡನೆ ಖಾಸಗಿಯಾಗಿ ಮಾತಾಡಲಿ. ಅವರಿಗೆ ಕನ್ನಡ ಬಾರದಿದ್ದರೆ ಕನ್ನಡ ಬಲ್ಲ ದಾದಿಯೋ ಕಂಪೌಂಡರೋ ಜೊತೆಗಿರಲಿ. ಗಡಿ ದಾಟಿ ಮಂಗಳೂರಿಗೆ ಹೋದರೆ ಭಾಷೆಯ ತೊಡಕು ನೀಗುವುದು ನಿಜ. ಆದರೆ ಎಲ್ಲರೂ ಅಲ್ಲಿಗೇ ಹೋಗಲಿ ಎನ್ನುವುದು ಪರಿಹಾರವಲ್ಲ. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಜಿಲ್ಲೆಯ ರೋಗಿಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ.

ನಮ್ಮವರಲ್ಲೂ ಒಂದು ವಿನಂತಿ. ಹೆಂಡತಿಗೆ ತಿಳಿಸದೆ, ಒಬ್ಬನೇ ಗುಟ್ಟಾಗಿ ಹೋಗಿ ಈ ಚಿಕಿತ್ಸೆ ಮಾಡಿಸಿಕೊಳ್ಳುವುದು ಬೇಡ. ಇದು ಇಬ್ಬರ ಬಾಳಿನ ವಿಷಯ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನು, ನಾಚಿಕೆಯಿಂದ ಬಚ್ಚಿಟ್ಟವನ್ನೂ ಸೇರಿಸಿ, ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿರಿ. “ಡಾಕ್ಟ್ರೇ, ನನಗೆ ಯಾವುದು ಕೊಡುತ್ತೀರಿ, ಅದೇ ಯಾಕೆ, ಅದು ಸರಿಯಾಗಿ ಹಿಡಿಯದಿದ್ದರೆ ಮುಂದೇನು?” ಈ ಮೂರು ಪ್ರಶ್ನೆಗಳನ್ನು ಕೇಳಿರಿ. ಬೆನ್ನಿನ ಸೂಜಿ ಸಾಲದಾದಾಗ ಪೂರ್ಣ ಅರಿವಳಿಕೆಗೆ ಹೋಗಬೇಕಾಗುವುದುಂಟು. ಎರಡಕ್ಕೂ ಉಪವಾಸದ ನಿಯಮ ಒಂದೇ ಆಗಿರುವುದು ಅದಕ್ಕಾಗಿಯೇ. ಎಚ್ಚರವಿದ್ದು ಆ ಸ್ಥಿತಿಯಲ್ಲಿ ಮಲಗಲು ಸಂಕೋಚವೆನಿಸಿದರೆ ಅದನ್ನೂ ಹೇಳಿರಿ. ಮಂಪರು ಬರುವ ಔಷಧವನ್ನು ಜೊತೆಗೆ ಕೊಡಲು ಬರುತ್ತದೆ. ಅರಿವಳಿಕೆಯ ವೈದ್ಯರು ಇಂತಹುದನ್ನು ಕೇಳಿ ನಗುವವರಲ್ಲ.

ಅರಿವಳಿಕೆ ಎಂಬ ಶಬ್ದದಲ್ಲೇ ಅರಿವು ಇದೆ. ಅರಿವು ಅಳಿಯುವ ಮೊದಲು ರೋಗಿಗೆ ಅದು ಪೂರ್ತಿಯಾಗಿ ದೊರೆಯಬೇಕು, ಅವನ ಭಾಷೆಯಲ್ಲಿಯೇ ದೊರೆಯಬೇಕು. ಆಸ್ಪತ್ರೆಗಳ ಆಡಳಿತದವರೂ ಜಿಲ್ಲೆಯ ಜನಪ್ರತಿನಿಧಿಗಳೂ ಇದನ್ನು ಭಾಷೆಯ ಜಗಳವೆಂದು ತಿಳಿಯದೆ, ರೋಗಿಯ ಕ್ಷೇಮದ ಪ್ರಶ್ನೆಯೆಂದು ತಿಳಿದು ಕ್ರಮ ಕೈಗೊಳ್ಳುವರೆಂದು ಆಶಿಸುತ್ತೇವೆ.