ಆ ಎಂಟು ಜಿಬಿ ಯಾರದು?

ಪನಾಮ ಸೊರಗು ರೋಗ ತಗುಲಿ ನಂಜನಗೂಡು ರಸಬಾಳೆಯ ತೋಟಗಳು ವಿರಳವಾದವು. ಹೆಸರು ಮಾತ್ರ ಸೊರಗಲಿಲ್ಲ. ‘ರಸಬಾಳೆ’ ಎಂದು ಕೂಗುವ ಗಾಡಿಯ ಮುಂದೆ ನಮ್ಮೂರಿನ ಅಜ್ಜಿಯರು ಮೊದಲು ಹಣ್ಣನ್ನು ಮೂಸಿ ನೋಡುತ್ತಾರೆ. ಲ್ಯಾಪ್‌ಟಾಪನ್ನು ಹಾಗೆ ಮೂಸಿ ನೋಡಿ ಕೊಳ್ಳಲು ಬರುವುದಿಲ್ಲವಲ್ಲ!

ತಿ. ನರಸೀಪುರದ ನನ್ನ ಸ್ನೇಹಿತರೊಬ್ಬರು ಮೊಮ್ಮಗನ ಆರ್ಕಿಟೆಕ್ಚರ್ ಓದಿಗೆಂದು ಎಫ್‌ಡಿ ಮುರಿಸಿ, ಬಡ್ಡಿಯಲ್ಲೂ ಕಡಿತ ಮಾಡಿಸಿಕೊಂಡು, ಆನ್‌ಲೈನ್‌ನಲ್ಲಿ ಲ್ಯಾಪ್‌ಟಾಪ್ ತರಿಸಿದರು. ‘16 ಜಿಬಿ ರ‍್ಯಾಮ್, 8 ಜಿಬಿ ಗ್ರಾಫಿಕ್ಸ್’ ಎಂದು ದಪ್ಪಕ್ಷರದಲ್ಲಿ ಬರೆದಿತ್ತಂತೆ. ಮನೆಯ ನಕ್ಷೆಯನ್ನು ತ್ರೀಡಿಯಲ್ಲಿ ತಿರುಗಿಸಹೊರಟರೆ ಚಿತ್ರ ತಡವರಿಸಿ ನಿಲ್ಲುತ್ತಿತ್ತು.

‘ತಾತ, ಇದ್ರಲ್ಲಿ ಗ್ರಾಫಿಕ್ಸ್ ಕಾರ್ಡೇ ಇಲ್ಲ!’

‘ಎಂಟು ಜಿಬಿ ಅಂತ ಬರ್ದವ್ರಲ್ಲೋ?’

ಮಕ್ಕಳೇ, ಆ ಎಂಟು ಜಿಬಿಯ ಗುಟ್ಟು ಹೀಗಿದೆ. ತಾತ, ಮಗ ಇಬ್ಬರ ಹೆಸರಿನಲ್ಲಿ ಒಂದು ಜಂಟಿ ಖಾತೆ. ಅದರಲ್ಲಿರುವುದು 16,000 ರೂಪಾಯಿ. ಮಗ 8,000ದವರೆಗೆ ತೆಗೆಯಬಹುದು. ಹಾಗೆಂದು ‘ತಾತನದು 16,000, ಮಗನದು ಬೇರೆ 8,000’ ಎಂದು ಬರೆದರೆ ಯಾವ ಮ್ಯಾನೇಜರ್ ಸಹಿ ಹಾಕುತ್ತಾರೆ? ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಚಿತ್ರದ ಕೆಲಸಕ್ಕೂ ಅದೇ ರ‍್ಯಾಮ್‌ನಿಂದ ಪಾಲು ಹೋಗುತ್ತದೆ. ವಿಂಡೋಸ್ ಸಾಮಾನ್ಯವಾಗಿ ಅರ್ಧದವರೆಗೆ ಬಿಡುತ್ತದೆ. ಹದಿನಾರರ ಅರ್ಧ ಎಂಟು! ಪತ್ರ ಬರೆಯಲು, ಪಾಠದ ವಿಡಿಯೊ ನೋಡಲು ಅಷ್ಟು ಧಾರಾಳವಾಗಿ ಸಾಕು. ಅದನ್ನು ಪ್ರತ್ಯೇಕ ಕಾರ್ಡಿನಂತೆ ತೋರಿಸುವುದನ್ನು ನಾನಂತೂ ಜಾಣತನ ಎನ್ನಲಾರೆ.

ನಿಜವಾದ ಕಾರ್ಡ್ ಇದ್ದರೂ ಹೆಸರೊಂದನ್ನೇ ನಂಬುವಂತಿಲ್ಲ. ಎನ್ವಿಡಿಯಾದ ಆರ್‌ಟಿಎಕ್ಸ್ 4070 ಎಂಬ ಹೆಸರಿನಲ್ಲಿ ಮೇಜಿನ ಕಂಪ್ಯೂಟರ್‌ಗೆ ಬಂದದ್ದು 12 ಜಿಬಿಯದು, ಲ್ಯಾಪ್‌ಟಾಪ್‌ಗೆ ಬಂದದ್ದು 8 ಜಿಬಿಯದು. ಲ್ಯಾಪ್‌ಟಾಪ್‌ನ 4060 ಅನ್ನು ತಯಾರಕರು 35ರಿಂದ 115 ವ್ಯಾಟ್‌ವರೆಗೆ ಎಷ್ಟಕ್ಕಾದರೂ ಹೊಂದಿಸಬಹುದು. 40ರ ಬಲ್ಬೂ ಬಲ್ಬೇ, 100ರದೂ ಬಲ್ಬೇ, ಬೆಳಕು ಮಾತ್ರ ಬೇರೆ. ಈ ಗೊಂದಲದ ಬಗ್ಗೆ ದೂರು ಹೆಚ್ಚಿದ ಮೇಲೆ, 2021ರಲ್ಲಿ, ವ್ಯಾಟ್ ಎಷ್ಟೆಂದು ಪ್ರಕಟಿಸುವಂತೆ ಎನ್ವಿಡಿಯಾ ತಯಾರಕರಿಗೆ ಹೇಳಿತು. ಮಾರಾಟದ ಪುಟದಲ್ಲಿ ಅದು ಕಾಣದಿದ್ದರೆ ತಯಾರಕರ ಸ್ವಂತ ಜಾಲತಾಣದಲ್ಲಿ ಮಾದರಿ ಸಂಖ್ಯೆ ಹಾಕಿ ಹುಡುಕಿ. ‘ಡೆಡಿಕೇಟೆಡ್’ ಎಂದರೆ ಪ್ರತ್ಯೇಕ. ‘ಶೇರ್ಡ್’, ‘ಇಂಟಿಗ್ರೇಟೆಡ್’ ಎಂದಿದ್ದರೆ ಜಂಟಿ ಖಾತೆ.

ಹಿರಿಯರಿಗೊಂದು ಮಾತು. ಹಣ ಕಟ್ಟುವ ದಿನವೇ ಆ ಪುಟದ ಸ್ಕ್ರೀನ್‌ಶಾಟ್ ತೆಗೆಸಿ, ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಪುಟದ ಬರಹವನ್ನು ಆಮೇಲೆ ಬದಲಿಸಬಹುದು. ವೌಚರ್ ಇಲ್ಲದ ಲೆಕ್ಕ ಯಾವ ಆಡಿಟ್‌ನಲ್ಲೂ ನಿಲ್ಲುವುದಿಲ್ಲ. ಹಿಂದಿರುಗಿಸುವ ಗಡುವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮಾರಿದವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾರಿದವರು ದೆಹಲಿಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ನಮಗಾದರೆ ಮೈಸೂರು. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ.

ಮಕ್ಕಳೇ, ಮನೆಯಲ್ಲಿ ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ‘ಪರ್ಫಾರ್ಮೆನ್ಸ್’ ಒಳಗೆ ‘ಜಿಪಿಯು’ ಎಂದಿರುತ್ತದೆ. ಅಲ್ಲಿ ಡೆಡಿಕೇಟೆಡ್ ಎಷ್ಟು, ಶೇರ್ಡ್ ಎಷ್ಟು ಎಂದು ಓದಿ ತಾತ ಅಜ್ಜಿಗೆ ಹೇಳಿ.