ಯುದ್ಧ ಮುಗಿದ ಮೇಲೆ ಆ ಎಂಜಿನ್‌ಗಳು ಎಲ್ಲಿಗೆ ಹೋದವು?

1945ರಲ್ಲಿ ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಉಗ್ರಾಣಗಳಲ್ಲಿ ಯುದ್ಧವಿಮಾನದ ಎಂಜಿನ್‌ಗಳು ರಾಶಿ ಬಿದ್ದಿದ್ದವು. ಆಲಿಸನ್ ವಿ-1710 ಎಂಬ ಒಂದೇ ಮಾದರಿಯದು 70 ಸಾವಿರದಷ್ಟು ತಯಾರಾಗಿತ್ತು. ಹನ್ನೆರಡು ಸಿಲಿಂಡರ್, 28 ಲೀಟರ್, ಸಾವಿರಕ್ಕೂ ಮಿಕ್ಕಿದ ಅಶ್ವಶಕ್ತಿ. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ನಿಲ್ಲುವ 1.2 ಲೀಟರ್ ಕಾರುಗಳ ಲೆಕ್ಕದಲ್ಲಿ ಇಪ್ಪತ್ತಮೂರು ಕಾರುಗಳ ಎಂಜಿನ್ ಒಂದೇ ಕಡೆ ಸೇರಿದಂತೆ! ಜೆಟ್ ಯುಗ ಬಂದಿತ್ತು, ವಾಯುಪಡೆಗೆ ಇವು ಬೇಡವಾಗಿದ್ದವು. ಸರ್ಕಾರ ಚಿಲ್ಲರೆ ಕಾಸಿಗೆ ಮಾರಿತು. ಕೊಂಡವರಲ್ಲಿ ಬೋಟ್ ರೇಸಿನ ಹುಚ್ಚಿದ್ದವರೂ ಇದ್ದರು.

ವಿಮಾನದ ಎಂಜಿನ್ನನ್ನು ದೋಣಿಗೆ ಹಾಕುವ ಯೋಚನೆಯೇನೂ ಹೊಸದಲ್ಲ. 1932ರಲ್ಲೇ ಗಾರ್ ವುಡ್ ಎಂಬಾತ ನಾಲ್ಕು ಪ್ಯಾಕರ್ಡ್ ಎಂಜಿನ್ ಕೂರಿಸಿದ ‘ಮಿಸ್ ಅಮೆರಿಕ ಟೆನ್’ ಬೋಟನ್ನು ಗಂಟೆಗೆ 200 ಕಿ.ಮೀ. ವೇಗದಲ್ಲಿ ಓಡಿಸಿದ್ದ. ಆದರೆ ಅದು ದೊಡ್ಡ ಶ್ರೀಮಂತರ ಆಟ. ಯುದ್ಧದ ನಂತರವೇ ಅದು ಗ್ಯಾರೇಜಿನವರ ಕೈಗೂ ಸಿಕ್ಕಿದ್ದು.

ಇಲ್ಲಿ ಒಂದು ತಮಾಷೆಯಿದೆ. ವಿಮಾನದಲ್ಲಿ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ, ಗೇರ್ ಅದನ್ನು ಸುಮಾರು ಅರ್ಧಕ್ಕೆ ಇಳಿಸಿ ಪ್ರೊಪೆಲ್ಲರಿಗೆ ಕೊಡುತ್ತದೆ. ಗಾಳಿಯನ್ನು ದೂಡುವ ದೊಡ್ಡ ರೆಕ್ಕೆ ನಿಧಾನವಾಗಿ ತಿರುಗಿದರೇನೇ ಒಳ್ಳೆಯದು. ರೇಸ್ ಬೋಟಿನ ಪ್ರೊಪೆಲ್ಲರ್ ಪುಟ್ಟದು, ಅದಕ್ಕೆ ವೇಗ ಬೇಕು. ಹಾಗಾಗಿ ಮೆಕ್ಯಾನಿಕ್‌ಗಳು ಇಳಿಸುವ ಗೇರನ್ನು ಕಿತ್ತೆಸೆದು, ಏರಿಸುವ ಗೇರ್‌ಬಾಕ್ಸ್ ಜೋಡಿಸಿದರು. ಎಂಜಿನ್ನಿನ ವೇಗ ಅಲ್ಲಿ ಸುಮಾರು ಮೂರು ಪಟ್ಟಾಗುತ್ತಿತ್ತು. ಬೇರೆಯವರು ಬರೆದ ಹಳೆಯ ಕೋಡನ್ನು ತಂದು, ಬರೆದವನು ಕನಸಲ್ಲೂ ಎಣಿಸದ ಕೆಲಸಕ್ಕೆ ಹಚ್ಚುವುದು ನನ್ನ ದಿನದ ಪಾಡು. ಅದಕ್ಕೇ ಈ ಗೇರ್‌ಬಾಕ್ಸಿನ ಕಥೆ ನನಗೆ ತುಂಬ ಹಿಡಿಸಿತು.

ಸಿಯಾಟಲ್‌ನಲ್ಲಿ ಸ್ಟ್ಯಾನ್ಲಿ ಸೇಯರ್ಸ್ ಎಂಬ ಕಾರು ವ್ಯಾಪಾರಿ, ಟೆಡ್ ಜೋನ್ಸ್ ಎಂಬ ವಿನ್ಯಾಸಕ, ಆ್ಯಂಕರ್ ಜೆನ್ಸನ್ ಎಂಬ ದೋಣಿ ಕಟ್ಟುವವ ಸೇರಿ ‘ಸ್ಲೋ-ಮೋ-ಶನ್ ಫೋರ್’ ಕಟ್ಟಿದರು. ಹೆಸರು ನಿಧಾನ, ಓಟ ಮಾತ್ರ ಹಾಗಲ್ಲ. ವೇಗ ಹಿಡಿದಾಗ ಅದರ ತಳ ನೀರಿಗೆ ತಾಗುತ್ತಲೇ ಇರಲಿಲ್ಲ. ಮುಂದಿನ ಎರಡು ಪಕ್ಕದ ಪಾದಗಳ ತುದಿ, ಹಿಂದೆ ಅರ್ಧ ಮುಳುಗಿದ ಪ್ರೊಪೆಲ್ಲರ್, ಇಷ್ಟೇ ನೀರಿನ ಸಂಪರ್ಕ. ಹಿಂದೆ ಮನೆಯೆತ್ತರಕ್ಕೆ ಚಿಮ್ಮುವ ನೀರಿನ ಬಾಲಕ್ಕೆ ಅಲ್ಲಿಯವರು ಹುಂಜದ ಬಾಲ ಅನ್ನುತ್ತಾರೆ. 1950ರ ಜೂನ್ 26ರಂದು ವಾಷಿಂಗ್ಟನ್ ಸರೋವರದಲ್ಲಿ ಆ ಬೋಟ್ ಗಂಟೆಗೆ 258 ಕಿ.ಮೀ. ಮುಟ್ಟಿತು. ಬ್ರಿಟನ್ನಿನ ಮಾಲ್ಕಮ್ ಕ್ಯಾಂಪ್‌ಬೆಲ್ 1939ರಲ್ಲಿ ಮಾಡಿದ್ದ ದಾಖಲೆ 228. ಒಂದೇ ಏಟಿಗೆ 30 ಹೆಚ್ಚು!

ಇನ್ನು ಎಂಜಿನ್ ಸಾಯುವುದು ಹೇಗೆ ಅಂತ ಕೇಳಿ. ಅಲೆಗೆ ಬೋಟ್ ಎಗರಿದರೆ ಪ್ರೊಪೆಲ್ಲರ್ ಒಂದು ಕ್ಷಣ ನೀರಿನಿಂದ ಆಚೆ ಬರುತ್ತದೆ. ಖಾಲಿ ಜಾರ್ ಹಾಕಿ ಮಿಕ್ಸಿಯನ್ನು ಮೂರರಲ್ಲಿ ಇಟ್ಟಂತೆ. ಭಾರವೇ ಇಲ್ಲದ ಎಂಜಿನ್ ಹುಚ್ಚೆದ್ದು ತಿರುಗಿ, ಕನೆಕ್ಟಿಂಗ್ ರಾಡ್ ಮುರಿದು, ಕೇಸಿನಲ್ಲಿ ತೂತು ಮಾಡಿಕೊಂಡು ಹೊರಗೆ ಹಾರುತ್ತಿತ್ತು. ಗಂಟೆಗಟ್ಟಲೆ ಹಾರಾಡಲು ಹುಟ್ಟಿದ ಯಂತ್ರ ಇಲ್ಲಿ ಒಂದು ಭಾನುವಾರ ದಾಟಿದರೆ ಪುಣ್ಯ. ಒಂದು ಎಂಜಿನ್ ಹೋದರೆ ಇನ್ನೊಂದು. ಹೊಸದನ್ನು ಯಾರೂ ಮಾಡುತ್ತಿರಲಿಲ್ಲ ಅನ್ನುವುದು ಆಗ ಯಾರ ಮನಸ್ಸಿಗೂ ಬಂದಂತಿಲ್ಲ.

ದುಡ್ಡಿದ್ದ ತಂಡಗಳು ರೋಲ್ಸ್-ರಾಯ್ಸ್ ಮರ್ಲಿನ್‌ಗೆ ಹೋದವು. ದೆಹಲಿಯ ಓದುಗರು ಪಾಲಂನ ವಾಯುಪಡೆ ಮ್ಯೂಸಿಯಂಗೆ ಹೋದಾಗ ಅಲ್ಲಿನ ಹರಿಕೇನ್ ವಿಮಾನದ ಮೂಗನ್ನು ನೋಡಿ. ಆ ಜಾತಿಯನ್ನು ಹಾರಿಸಿದ್ದು ಇದೇ ಮರ್ಲಿನ್. ಶಕ್ತಿ ಹೆಚ್ಚು, ಬಿಡಿಭಾಗ ದುಬಾರಿ. ಬಡ ತಂಡಗಳು ಆಲಿಸನ್ನನ್ನೇ ನೆಚ್ಚಿಕೊಂಡವು. ಅಂಥದ್ದರಲ್ಲಿ ‘ಮಿಸ್ ಮ್ಯಾಡಿಸನ್’ ಒಂದು. ಇಂಡಿಯಾನಾದಲ್ಲಿ ಒಹಾಯೊ ನದಿ ದಂಡೆಯ ಮ್ಯಾಡಿಸನ್ ಎಂಬ ಸಣ್ಣ ಊರೇ ಅದರ ಮಾಲೀಕ. ನಮ್ಮಲ್ಲಿ ಊರಿನವರೆಲ್ಲ ಸೇರಿ ತೇರು ಎಳೆಯುವ ಹಾಗೆ. 1971ರ ಜುಲೈ 4ರಂದು, ಅದೇ ಊರಿನ ಮುಂದಿನ ನದಿಯಲ್ಲಿ, ಜಿಮ್ ಮೆಕಾರ್ಮಿಕ್ ಹತ್ತು ವರ್ಷ ದಾಟಿದ್ದ ಆ ಬೋಟಿನಲ್ಲಿ, ಆಲಿಸನ್ನನ್ನೇ ನಂಬಿ ಗೋಲ್ಡ್ ಕಪ್ ಗೆದ್ದ. ಈ ಕಥೆ ಮುಂದೆ ಸಿನಿಮಾ ಕೂಡ ಆಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಸಿಹಿಯಾಗಿಯೇ ಇರುತ್ತದೆ, ಆದರೆ ಅರ್ಧ ಸತ್ಯ. 1966ರ ಜೂನ್ 19ರಂದು ವಾಷಿಂಗ್ಟನ್‌ನ ಪೊಟೊಮ್ಯಾಕ್ ನದಿಯಲ್ಲಿ ಒಂದೇ ದಿನ ಮೂವರು ಚಾಲಕರು ಸತ್ತರು: ರಾನ್ ಮಸ್ಸನ್, ರೆಕ್ಸ್ ಮ್ಯಾಂಚೆಸ್ಟರ್, ಡಾನ್ ವಿಲ್ಸನ್. ಅತಿ ಹೆಚ್ಚು ರೇಸ್ ಗೆದ್ದಿದ್ದ ಬಿಲ್ ಮನ್ಸಿ 1981ರಲ್ಲಿ ಮೆಕ್ಸಿಕೊದ ಅಕಪುಲ್ಕೊದಲ್ಲಿ, ಮರು ವರ್ಷವೇ ಡೀನ್ ಚೆನೊವೆತ್. ಇವರಿಬ್ಬರ ಬೋಟ್‌ಗಳೂ ತಳದಡಿ ಗಾಳಿ ಹೊಕ್ಕು ಹಿಂದಕ್ಕೆ ಮಗುಚಿದವು. ನೀರನ್ನು ಅಷ್ಟೇನೂ ಮುಟ್ಟದಿರುವುದೇ ವೇಗದ ಗುಟ್ಟು, ಹಾರಿಬಿಡುವ ಅಪಾಯವೂ ಅದರಲ್ಲೇ. ಆಮೇಲಷ್ಟೇ ಚಾಲಕರ ತಲೆಯ ಮೇಲೆ ಗಟ್ಟಿ ಮುಚ್ಚಳ ಬಂತು. ಅದನ್ನೂ ತಂದದ್ದು ಎಫ್-16 ಯುದ್ಧವಿಮಾನದಿಂದ. ಇಪ್ಪತ್ತು ವರ್ಷ ಮೊದಲೇ ಯೋಚಿಸಬಹುದಿತ್ತು ಅಂತ ನನಗೆ ಸಿಟ್ಟು ಬರುತ್ತದೆ. ಗೇರನ್ನು ತಿರುಗಾಮುರುಗಾ ಮಾಡುವಷ್ಟು ಬುದ್ಧಿ ಓಡಿಸಿದವರು, ಅದರ ಹಿಂದೆ ಕೂತ ಮನುಷ್ಯನ ವಿಷಯದಲ್ಲಿ ಇಷ್ಟು ತಡಮಾಡಿದರು.

ಅಷ್ಟರಲ್ಲಿ ಪಿಸ್ಟನ್ ಎಂಜಿನ್‌ಗಳೂ ತೀರುತ್ತಾ ಬಂದಿದ್ದವು. 1980ರ ದಶಕದಲ್ಲಿ ಅವುಗಳ ಜಾಗಕ್ಕೆ ಚಿನೂಕ್ ಹೆಲಿಕಾಪ್ಟರಿನ ಟಿ-55 ಟರ್ಬೈನ್ ಬಂತು. ನಮ್ಮ ವಾಯುಪಡೆಯ ಚಿನೂಕ್‌ನಲ್ಲಿರುವುದೂ ಅದೇ ಮನೆತನದ್ದು. ಹಗುರ, ನಂಬಿಕಸ್ಥ. ಆದರೆ ಗುಡುಗಿನ ಬದಲು ಕೀರಲು ದನಿ ಅಂತ ಹಳಬರು ಇಂದಿಗೂ ಗೊಣಗುತ್ತಾರೆ.

ಉಳಿದ ಮರ್ಲಿನ್‌ಗಳಿಗೆ ಈಗ ಸ್ಪಿಟ್‌ಫೈರ್, ಮಸ್ಟಾಂಗ್ ಹಾರಿಸುವವರ ಬೇಡಿಕೆಯೇ ದೊಡ್ಡದು. ಬೋಟಿನವರು ಒಳ್ಳೆಯ ಎಂಜಿನ್‌ಗಳನ್ನು ಸುಟ್ಟು ಹಾಳುಮಾಡಿದರು ಎಂಬ ದೂರಿನಲ್ಲಿ ಹುರುಳಿದೆ. ಆದರೆ ಗುಜರಿಗೆ ಹೋಗಿ ಕರಗಬೇಕಿದ್ದ ಎಷ್ಟೋ ಎಂಜಿನ್‌ಗಳು, ಅವನ್ನು ಬಿಚ್ಚಿ ಜೋಡಿಸುವ ಕೈಗಳು ಉಳಿದದ್ದೂ ಇವರಿಂದಲೇ ಅಂತ ನಾನು ವಾದಿಸುತ್ತೇನೆ. ಸ್ಲೋ-ಮೋ-ಶನ್ ಫೋರ್ ಈಗ ಸಿಯಾಟಲ್‌ನ ಇತಿಹಾಸ ಮ್ಯೂಸಿಯಂನಲ್ಲಿ ತಣ್ಣಗಿದೆ. ಪಕ್ಕದ ಕೆಂಟ್ ಊರಿನ ಹೈಡ್ರೊಪ್ಲೇನ್ ಮ್ಯೂಸಿಯಂನವರು ಮಾತ್ರ ಹಳೆಯ ಬೋಟ್‌ಗಳನ್ನು ರಿಪೇರಿ ಮಾಡಿ ನೀರಿಗಿಳಿಸುತ್ತಾರೆ. ರೇಸಿಗಲ್ಲ, ಬರೀ ಪ್ರದರ್ಶನಕ್ಕೆ.