ಘಟ್ಟದ ಮೊಪೆಡ್, ಬಯಲಿನ ಕಾಯ್ದೆ

ಎತ್ತಿನ ಗಾಡಿ ಮರೆಯಾದ ಮಲೆನಾಡಿನ ಒಂಟಿಮನೆಗಳಲ್ಲಿ ಅದರ ಹೊರೆಯೆಲ್ಲ ಮೊಪೆಡ್ಡಿನ ಬೆನ್ನೇರಿದೆ. ಹಾಲಿನ ಕ್ಯಾನು, ಹಸಿಹುಲ್ಲು, ಅಡಿಕೆ ಮೂಟೆ, ಒಮ್ಮೊಮ್ಮೆ ಜ್ವರ ಬಂದ ಮಗು. ಎಲ್ಲವನ್ನೂ ಏರು ಹತ್ತಿಸುವುದು ಅದೇ. ಹಿಂಬದಿಯ ಸೀಟು ತೆಗೆದು ಕಬ್ಬಿಣದ ಚೌಕಟ್ಟು ವೆಲ್ಡಿಂಗ್ ಮಾಡಿಸುವುದನ್ನು ಇಲ್ಲಿ ಯಾರೂ ಅಪರಾಧವೆಂದು ಎಣಿಸುವುದಿಲ್ಲ.

ಕಾಯ್ದೆ ಎಣಿಸಬಹುದು. ತಯಾರಕರು ನಿಗದಿಪಡಿಸಿದ, ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ನಿಷೇಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ಸೈಲೆನ್ಸರ್ ಬದಲಿಸಿ ಕಾಡನ್ನೇ ಬೆಚ್ಚಿಬೀಳಿಸುವ ಪ್ರವಾಸಿಗನಿಗೂ ಹುಲ್ಲು ಹೊರುವ ರೈತನಿಗೂ ಅನ್ವಯಿಸುವುದು ಒಂದೇ ಕಲಂ. ಮೊದಲನೆಯವನಿಗಾಗಿ ಮರುಗಬೇಕಾಗಿಲ್ಲ.

ರೈತನಿಗಾದರೋ, ದಂಡಕ್ಕಿಂತ ದೊಡ್ಡ ಆಪತ್ತು ಬೇರೆಯಿದೆ. ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಲು ಆ ವೆಲ್ಡಿಂಗೇ ನೆಪವಾದೀತು. ಆದರೆ 52ನೆಯ ಕಲಮಿನ ವಿವರಣೆಯನ್ನೂ ಓದಬೇಕು: ಮೂಲ ಲಕ್ಷಣವೇ ಬದಲಾಗುವಂಥ ರಚನಾ ವ್ಯತ್ಯಾಸವನ್ನು ಮಾತ್ರ ಅದು ಮಾರ್ಪಾಡು ಎನ್ನುತ್ತದೆ. ಬೋಲ್ಟು ಬಿಚ್ಚಿದರೆ ಕಳಚಿಬರುವ ಕ್ಯಾರಿಯರ್ ಆ ವ್ಯಾಖ್ಯೆಗೆ ಬಾರದೆಂದು ವಾದಿಸಲು ಎಡೆಯಿದೆ. ಮೂರನೆಯ ಚಕ್ರ ಜೋಡಿಸಿದವನಿಗೆ ಆ ಎಡೆಯಿಲ್ಲ.

ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ ಇನ್ನೊಂದು. 25 ಸಿ.ಸಿ. ಮೀರದ ಎಂಜಿನ್ ಕಟ್ಟಿದ ಸೈಕಲ್ ಕಾಯ್ದೆಯ ದೃಷ್ಟಿಯಲ್ಲಿ ಮೋಟಾರು ವಾಹನವೇ ಅಲ್ಲ. ಕಳೆ ಕತ್ತರಿಸುವ ಯಂತ್ರದ 35 ಸಿ.ಸಿ. ಎಂಜಿನ್ ಕೂರಿಸಿದರೆ ಅದಕ್ಕೆ ನೋಂದಣಿ ಬೇಕು. ಮನೆಯಲ್ಲಿ ಕಟ್ಟಿದ್ದಕ್ಕೆ ಮಾದರಿ ಅನುಮೋದನೆ ಇರದ ಕಾರಣ ಅದು ದೊರೆಯದು. 16 ತುಂಬಿದವರಿಗೆ ಸಿಗುವ ಪರವಾನಗಿ 50 ಸಿ.ಸಿ.ವರೆಗಿನ ಗೇರಿಲ್ಲದ ವಾಹನಕ್ಕೆ ಮಾತ್ರ. ಇಂದಿನ ಮೊಪೆಡ್ 100 ಸಿ.ಸಿ.ಯ ಆಸುಪಾಸಿನದು! ಅಪ್ರಾಪ್ತರು ಅದನ್ನು ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಸಜೆ.

ನೋಂದಣಿ ಬೇಡದ ವಿದ್ಯುತ್ ವಾಹನದ ಶಕ್ತಿ 250 ವಾಟಿಗಿಂತ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆಯಿರಬೇಕು. ಅಡಿಕೆ ಮೂಟೆ ಹೊತ್ತು ಘಟ್ಟವೇರಲು ಅದು ಸಾಲದು. ಹಳೆಯ ಮೊಪೆಡ್ಡಿಗೆ ಅನುಮೋದಿತ ವಿದ್ಯುತ್ ಕಿಟ್ ಅಳವಡಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಏರುದಾರಿಗೆ ಹೊಂದುವ ಕಿಟ್ಟಿಗೆ ಸಹಾಯಧನವನ್ನು, 15 ವರ್ಷ ದಾಟಿದ ವಾಹನಗಳ ನೋಂದಣಿ ನವೀಕರಣಕ್ಕೆ ಸಂತೆಯ ದಿನ ಹೋಬಳಿಯಲ್ಲೇ ಶಿಬಿರವನ್ನು ಗ್ರಾಮಸಭೆಗಳು ಠರಾವು ಮಾಡಿ ಸಾರಿಗೆ ಇಲಾಖೆಯಿಂದ ಕೇಳಲಿ.